ಪೂರ್ವಪಕ್ಷದ ಮಣೆ

ತುಂಗಭದ್ರೆಯ ದಂಡೆಯ ಆಶ್ರಮವೊಂದರಲ್ಲಿ ಗುರುಗಳ ಪೀಠದ ಎದುರಿಗೆ ಹಲಸಿನ ಮಣೆಯೊಂದಿತ್ತು. ಅದನ್ನು ಪೂರ್ವಪಕ್ಷದ ಮಣೆ ಎನ್ನುತ್ತಿದ್ದರು. ಆ ದಿನದ ಮಾತನ್ನು ಒಪ್ಪದವನು ಅಲ್ಲಿ ಕೂರಬೇಕು. ಅವನ ಆಕ್ಷೇಪವನ್ನು ಕೇಳದೆ ಪಾಠ ಮೊದಲಾಗುತ್ತಿರಲಿಲ್ಲ.

ಪಂಪಣ್ಣನೆಂಬ ಶಿಷ್ಯ ಆಶ್ರಮವನ್ನು ಬಿಟ್ಟುಹೋದ ಮೇಲೆ ಮಣೆ ಬರಿದಾಯಿತು. ಗುರು ಶಂಭುಲಿಂಗರು ದಿನವೂ ಬಂದು ಕುಳಿತು, ಮಣೆಯನ್ನು ನೋಡಿ, ಎದ್ದುಹೋಗುತ್ತಿದ್ದರು. ಪಾಠವಿಲ್ಲದೆ ಎರಡು ತಿಂಗಳಾಯಿತು.

ಗುರುಗಳ ದನಿಗಾಗಿ ಹಂಬಲಿಸಿದ ಶಿಷ್ಯ ಇಂದುಧರ ಒಂದು ಬೆಳಿಗ್ಗೆ ಮಣೆಯ ಬಳಿ ನಿಂತ.

“ಗುರುಗಳೇ, ಇಲ್ಲಿ ನಾನು ಕೂರಲೇ?”

“ನಿನ್ನ ಸಂದೇಹವೇನು?”

“ಸಂದೇಹವೇನೂ ಇಲ್ಲ. ಪಾಠ ನಡೆದರೆ ಸಾಕು.”

“ಹಾಗಾದರೆ ನೆಲದ ಮೇಲೆ ಕೂರು. ಅಲ್ಲಿಯೂ ತಂಪಾಗಿದೆ.”

ಇಂದುಧರ ನೆಲದ ಮೇಲೆ ಕುಳಿತು ತನ್ನ ಹಾಳೆಗಳನ್ನು ಬಿಚ್ಚಿದ. ಆಶ್ರಮದಲ್ಲಿ ನಲವತ್ತು ವರ್ಷಗಳಿಂದ ಪ್ರತಿ ಮುಂಜಾನೆಯ ತಾಪವನ್ನು ಉಷ್ಣಮಾಪಕದಲ್ಲಿ ನೋಡಿ ಪುಸ್ತಕದಲ್ಲಿ ಬರೆಯುವ ರೂಢಿಯಿತ್ತು. ಒಬ್ಬ ಓದಿದ್ದನ್ನು ಇನ್ನೊಬ್ಬ ಮತ್ತೆ ಓದಿ ಒಪ್ಪಬೇಕು, ಆಮೇಲೆಯೇ ಬರೆಯಬೇಕು. ಇಂದುಧರನ ಜೊತೆಗಾರ ಪಂಪಣ್ಣನಾಗಿದ್ದ. ಈಗ ಒಬ್ಬನೇ ಓದುತ್ತಿದ್ದರೂ, ಓದಿದ ಮೇಲೆ ಅವನು ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದ.

“ಮುಂಜಾನೆಯ ತಾಪ ಒಂದೂವರೆ ಡಿಗ್ರಿ ಏರಿದೆ, ಗುರುಗಳೇ. ಮನುಷ್ಯನು ಸುಡುವ ಕಲ್ಲಿದ್ದಲು, ಎಣ್ಣೆಗಳ ಹೊಗೆಯೇ ಇದಕ್ಕೆ ಕಾರಣ. ಹೊಳೆಸಾಲಿನ ಊರುಗಳಿಗೆಲ್ಲ ಇದನ್ನು ಕಳಿಸುತ್ತೇನೆ. ತಮ್ಮ ಒಪ್ಪಿಗೆಯೊಂದು ಬೇಕು.”

ಗುರುಗಳು ಹಳೆಯ ಪುಸ್ತಕವನ್ನು ತರಿಸಿ ಹಾಳೆಗಳ ಪಕ್ಕದಲ್ಲಿಟ್ಟರು. ಬಹಳ ಹೊತ್ತು ಓದಿದರು.

“ಹನ್ನೆರಡನೆಯ ವರ್ಷದಲ್ಲಿ ಇಲ್ಲೊಂದು ಸಾಲಿದೆ. ನಿನ್ನ ಹಾಳೆಗಳಲ್ಲಿಲ್ಲ.”

ಆ ಸಾಲು ಹೀಗಿತ್ತು: ‘ಗಾಳಿಗೆ ಬೇವಿನ ಕೊಂಬೆ ಮುರಿಯಿತು. ಮಾಪಕವನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದೆವು.’

“ಪಂಪಣ್ಣ ಹಿಡಿದು ಕೂತದ್ದು ಅದನ್ನೇ,” ಎಂದ ಇಂದುಧರ. “ಬಿಸಿಯಾದದ್ದು ಲೋಕವೋ ನಮ್ಮ ಒಲೆಯೋ ಎಂದು ಕೇಳಿದ.”

“ನೀನೇನೆಂದೆ?”

“ಹೊಗೆಯ ವಕೀಲ ಎಂದೆ. ಎಲ್ಲರೂ ನಕ್ಕರು.”

“ಅವನು?”

ಇಂದುಧರ ತಲೆ ತಗ್ಗಿಸಿದ. “ಮರುದಿನ ಹೊಳೆ ದಾಟಿ ಅಕ್ಕನ ಊರಿಗೆ ಹೋದ.”

“ಸಾಲನ್ನೇಕೆ ಬಿಟ್ಟೆ?”

“ಏನನ್ನೂ ಮಾಡಲೊಲ್ಲದವರಿಗೆ ಅದೊಂದೇ ಸಾಕು, ಗುರುಗಳೇ. ನಲವತ್ತು ವರ್ಷವನ್ನೂ ಸುಳ್ಳೆನ್ನುತ್ತಾರೆ.”

ಗುರುಗಳು ಒಳಗಿನಿಂದ ಇನ್ನೊಂದು ಮಾಪಕವನ್ನು ತಂದು, ತಾವೇ ಬೇವಿನ ಮರದಲ್ಲಿ ಹಳೆಯ ಕೊಂಬೆಯಿದ್ದ ಕಡೆಯೇ ಕಟ್ಟಿದರು.

“ಎರಡನ್ನೂ ಓದು.”

ಕಾರ್ತಿಕದಿಂದ ಯುಗಾದಿಯವರೆಗೆ ಇಂದುಧರ ಎರಡನ್ನೂ ಓದಿದ. ಗೋಡೆಯ ಮಾಪಕ ದಿನವೂ ಹೆಚ್ಚು ತೋರಿಸಿತು. ಕೆಲವು ಮುಂಜಾನೆ ಅಂತರ ಬಹಳ ದೊಡ್ಡದಿತ್ತು. ಆದರೂ ಬರೆದ. ಕೊನೆಗೆ ಒಂದು ದಿನ ಓಡುತ್ತ ಬಂದ.

“ಒಲೆಯ ಪಾಲು ಅರ್ಧ ಡಿಗ್ರಿ, ಗುರುಗಳೇ! ಅದನ್ನು ಕಳೆದರೂ ಒಂದು ಡಿಗ್ರಿ ಉಳಿಯುತ್ತದೆ. ಬಿಸಿ ಏರಿರುವುದು ನಿಜ!”

“ಏರಿಸಿದ ಕೈ ಯಾರದೆಂದು ಮಾಪಕ ಹೇಳಿತೇ?”

“ಇದೊಂದೇ ಹೇಳಲಾರದು. ಲೋಕದ ಎಷ್ಟೋ ಕಡೆ ಎಷ್ಟೋ ಜನ ಅಳೆದು, ಒಬ್ಬರ ತಪ್ಪನ್ನೊಬ್ಬರು ತಿದ್ದಿ, ಅದು ಮನುಷ್ಯನ ಕೈಯೆಂದು ಕಂಡುಕೊಂಡಿದ್ದಾರೆ. ನಮ್ಮದು ಅದರಲ್ಲೊಂದು ಸಾಲು.”

“ಹಾಗೆಂದೇ ಬರೆ. ಬೇವಿನ ಕೊಂಬೆಯ ಸಾಲು?”

“ಮೊದಲ ಪುಟದಲ್ಲೇ ಹಾಕುತ್ತೇನೆ.”

“ಈಗ ಅದರ ಭಯವಿಲ್ಲವೇ?”

“ಇಲ್ಲ.”

“ಆ ಭಯವನ್ನು ಬಿಡಿಸಿದವನು ಯಾರು?”

ಇಂದುಧರ ಹೊಳೆಯ ಆಚೆ ದಡವನ್ನು ನೋಡಿದ. ಗುರುಗಳೂ ಅತ್ತಲೇ ನೋಡುತ್ತಿದ್ದರು. ಅವರು ಎಷ್ಟು ದಿನಗಳಿಂದ ಹಾಗೆ ನೋಡುತ್ತಿದ್ದಾರೆಂಬುದು ಅವನಿಗೆ ಆಗ ತಿಳಿಯಿತು.

“ಕರೆದುಕೊಂಡು ಬರುತ್ತೇನೆ,” ಎಂದ. “ನಾನು ಆಡಿದ ಮಾತಿಗೆ ಅವನು ಬರದೆಯೂ ಇರಬಹುದು.”

“ಹಾಳೆಗಳನ್ನು ಒಯ್ಯು. ಎಲ್ಲಿ ತಪ್ಪಿದೆ ನೋಡು ಎಂದು ಕೊಡು. ಅವನು ನೋಡದೆ ಇರಲಾರ.”

ಇಂದುಧರ ಹೊರಡುವ ಮೊದಲು ಹೆಗಲ ವಸ್ತ್ರವನ್ನು ತೆಗೆದು, ಬರಿದಾದ ಮಣೆಯನ್ನು ಒರೆಸಲು ಬಾಗಿದ.

ಗುರುಗಳು ಅವನ ಕೈ ಹಿಡಿದರು.

“ಒರೆಸಬೇಡ, ಮಗು. ಎಷ್ಟು ಧೂಳು ಕೂತಿದೆಯೆಂದು ಅವನೇ ಬಂದು ನೋಡಲಿ.”