ಹಿಮವಿಲ್ಲದ ಊರಿನ ಚಳಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ದೊಡ್ಡ ದುಃಖವನ್ನು ತಾಳಿಕೊಂಡ ಮನುಷ್ಯ ಸಣ್ಣದೊಂದು ಕಷ್ಟಕ್ಕೆ ಕುಸಿದು ಬೀಳುತ್ತಾನೆ. ಇದು ಹೇಗೆ?”

ಗುರುಗಳು ಹೊದ್ದಿದ್ದ ಶಾಲನ್ನು ಸರಿಪಡಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಉತ್ತರದ ಎತ್ತರದ ಬೆಟ್ಟಗಳಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಅವನ ಊರಿನಲ್ಲಿ ಚಳಿಗಾಲ ಬಂತೆಂದರೆ ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋಗುತ್ತಿದ್ದವು. ಆಗ ಯಾರೂ ತಮ್ಮ ತಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ಒಂದೊಂದು ಮನೆಗೂ ಬೇರೆ ಬೇರೆ ಒಲೆ ಉರಿಸುವಷ್ಟು ಸೌದೆ ಅಲ್ಲಿ ಇರಲಿಲ್ಲ. ನಾಲ್ಕಾರು ಮನೆಯವರು ಒಂದೇ ಮನೆ ಸೇರಿ, ಒಂದೇ ಒಲೆಯ ಸುತ್ತ ಮಲಗಿ, ಹಿಮ ಕರಗುವ ತನಕ ದಿನ ದೂಡುತ್ತಿದ್ದರು. ಬೇಸಿಗೆಯಲ್ಲಿ ಜಗಳವಾಡಿಕೊಂಡವರೂ ಅಲ್ಲಿಯೇ ಮಲಗಬೇಕು. ಮುನಿಸಿಕೊಂಡು ಎದ್ದು ಹೋದರೆ ಹೊರಗೆ ಸಾವು.

ಒಂದು ವರ್ಷ ಬೆಟ್ಟದ ಮೇಲಿನ ಹಿಮ ಕುಸಿಯಿತು. ನೇಕಾರನ ಹೆಂಡತಿ ಕುರಿಗಳಿಗೆ ಮೇವು ಹಾಕಲು ಹೋಗಿದ್ದಳು. ಅವಳು ಹಿಂದಿರುಗಲಿಲ್ಲ. ಹಿಮ ಕರಗಿದ ಮೇಲಷ್ಟೇ ದೇಹ ಸಿಕ್ಕಿತು.

ಆ ಚಳಿಗಾಲ ಅವನನ್ನು ಯಾರೂ ಸಂತೈಸಲಿಲ್ಲ. ಸಂತೈಸುವ ಮಾತು ಆ ಜನಕ್ಕೆ ಬರುತ್ತಲೂ ಇರಲಿಲ್ಲ. ಅವನ ಎಡಕ್ಕೊಬ್ಬರು, ಬಲಕ್ಕೊಬ್ಬರು ಮಲಗಿದರು, ಅಷ್ಟೆ. ಅವನು ನಿದ್ದೆ ಬಾರದೆ ಎದ್ದು ಕುಳಿತರೆ ಪಕ್ಕದಲ್ಲಿದ್ದವರು ತಾವೂ ಎದ್ದು ಕೂರುತ್ತಿದ್ದರು. ಅವನು ಉಣ್ಣದಿದ್ದರೆ ತಾವೂ ತಟ್ಟೆ ಮುಟ್ಟುತ್ತಿರಲಿಲ್ಲ. ಹಾಗೆ ಅವನು ಬದುಕಿಕೊಂಡ.

ಆದರೆ ಇನ್ನೊಂದು ಚಳಿಗಾಲವನ್ನು ಅಲ್ಲಿ ಕಾಣುವ ಮನಸ್ಸು ಅವನಿಗಿರಲಿಲ್ಲ. ಬೇಸಿಗೆಯಲ್ಲಿ ಕಂಬಳಿ ಕೊಳ್ಳಲು ವರ್ತಕನೊಬ್ಬ ಬಂದ. ಅವನು ಕಡಲ ದಂಡೆಯ ಒಂದು ಪಟ್ಟಣದವನು. ದೂರದೇಶಕ್ಕೆ ಹೋಗುವ ಹಡಗಿನವರಿಗೆ ಕಂಬಳಿ ಮಾರುವುದು ಅವನ ವ್ಯಾಪಾರ. ನೇಕಾರನ ಕತೆ ಕೇಳಿ ಅವನು ಮರುಗಿದ. “ನನ್ನ ಜೊತೆ ಬಂದುಬಿಡು. ನಮ್ಮ ಊರಿನಲ್ಲಿ ಹಿಮ ಎಂದರೇನೆಂದು ಯಾರಿಗೂ ಗೊತ್ತಿಲ್ಲ,” ಎಂದ. ನೇಕಾರ ಮಗ್ಗವನ್ನು ಬಿಚ್ಚಿ ಹೇಸರಗತ್ತೆಯ ಮೇಲೆ ಹೇರಿಕೊಂಡು ಬೆಟ್ಟ ಇಳಿದ.

ವರ್ತಕ ಒಳ್ಳೆಯವನು. ನೇಕಾರನಿಗೆ ಬಂದರಿನ ಹತ್ತಿರ ಒಂದು ಮನೆ ಕೊಡಿಸಿದ, ಬೇಕಾದಷ್ಟು ಉಣ್ಣೆ ತರಿಸಿಕೊಟ್ಟ. ಮಳೆಗಾಲ ಕಳೆಯಿತು. ಕಡಲು ಶಾಂತವಾಯಿತು. ಹಡಗುಗಳು ಹಾಯಿ ಬಿಚ್ಚಿ ಹೊರಟವು. ಆ ಪಟ್ಟಣಕ್ಕೆ ಚಳಿಗಾಲವೆಂದರೆ ಮದುವೆಗಳ ಕಾಲ, ವ್ಯಾಪಾರದ ಕಾಲ. ಹಗಲು ಹಿತವಾದ ಬಿಸಿಲು. ಬೆಳಗಿನ ಹೊತ್ತು ಮಾತ್ರ ಬೆಟ್ಟದ ಕಡೆಯಿಂದ ಕಡಲಿನ ಕಡೆಗೆ ಸಣ್ಣ ಗಾಳಿಯೊಂದು ಬೀಸುತ್ತಿತ್ತು. ಬಿಸಿಲು ಏರಿದರೆ ಅದೂ ನಿಲ್ಲುತ್ತಿತ್ತು.

ಆ ಸಣ್ಣ ಗಾಳಿಗೆ ನೇಕಾರ ನಡುಗಿದ.

ಅವನಿಗೇ ಆಶ್ಚರ್ಯವಾಯಿತು. ಮೊಣಕಾಲುದ್ದ ಹಿಮದಲ್ಲಿ ನಡೆದವನು ತಾನು. ಇಲ್ಲಿ ಕೊಡದ ನೀರು ಕೂಡ ಹೆಪ್ಪುಗಟ್ಟುವುದಿಲ್ಲ. ಆದರೂ ಮುಂಜಾನೆ ಎಚ್ಚರವಾದರೆ ಮೂಳೆಯೊಳಗೆ ಚಳಿ. ಎದ್ದು ಒಲೆ ಹಚ್ಚುತ್ತಿದ್ದ. ಒಲೆಯ ಮುಂದೆ ಅವನೊಬ್ಬನೇ. ಗೋಡೆಯಾಚೆ ಪಕ್ಕದ ಮನೆಯವರು ಕೆಮ್ಮುವುದು ಕೇಳುತ್ತಿತ್ತು. ಅವರ ಬಾಗಿಲು ತೆರೆಯುತ್ತಿರಲಿಲ್ಲ. ತೆರೆಯಬೇಕಾದ ಅಗತ್ಯವೂ ಇರಲಿಲ್ಲ. ಅಷ್ಟು ಚಳಿಯನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ತಾವೇ ಕಳೆಯಬಹುದಿತ್ತು.

ದಿನ ಹೋದಂತೆ ಅವನು ತಡವಾಗಿ ಏಳತೊಡಗಿದ. ಮಗ್ಗದಲ್ಲಿ ಅರ್ಧ ನೇಯ್ದ ಕಂಬಳಿ ಹಾಗೆಯೇ ನಿಂತಿತು. ಅಡುಗೆ ಮಾಡುವುದನ್ನು ಬಿಟ್ಟ. ಸುದ್ದಿ ತಿಳಿದು ವರ್ತಕ ನೋಡಲು ಬಂದ.

“ಮೈ ಸರಿ ಇಲ್ಲವೇನಯ್ಯ?”

“ಚಳಿ ಸ್ವಾಮಿ.”

ವರ್ತಕನಿಗೆ ನಗು ತಡೆಯಲಾಗಲಿಲ್ಲ. “ಹಿಮದಲ್ಲಿ ಹುಟ್ಟಿದವನು ನೀನು! ಇದೂ ಒಂದು ಚಳಿಯೇ? ಸ್ವಲ್ಪ ಹೊತ್ತು ತಡೆ, ಬಿಸಿಲು ಬರುತ್ತದೆ.”

ಅವನು ಪ್ರೀತಿಯಿಂದಲೇ ಹೇಳಿದ. ಹೋಗುವಾಗ ಮನೆಯಿಂದ ಊಟ ಕಳಿಸುತ್ತೇನೆ ಎಂದ, ಕಳಿಸಿದ ಕೂಡ. ನೇಕಾರ ಆ ಊಟವನ್ನು ಮುಟ್ಟಲಿಲ್ಲ. ನಾಚಿಕೆಯಿಂದ ಅವನ ತಲೆ ತಗ್ಗಿತ್ತು. ಆಮೇಲೆ ಅವನು ಯಾರಿಗೂ ಚಳಿಯ ಮಾತೆತ್ತಲಿಲ್ಲ. ಬೀದಿಯಲ್ಲಿ ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ಕೊನೆಗೆ ಅವನು ಬೆಟ್ಟಕ್ಕೆ ಮರಳಲು ನಿಶ್ಚಯಿಸಿದ. ಆ ತಿಂಗಳಲ್ಲಿ ದಾರಿಗಳು ಮುಚ್ಚಿರುತ್ತವೆ ಎಂದು ಅವನಿಗೆ ಗೊತ್ತಿತ್ತು. ಊರು ತಲುಪುವುದಿಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದೇ ಹೊರಟ. ಬೆಳಕು ಹರಿಯುವಾಗ ಒಂದು ಕಂಬಳಿ ಹೊದ್ದು, ನೂಲುವ ತಕಲಿಯನ್ನೂ ಹಿಡಿಯಷ್ಟು ಉಣ್ಣೆಯನ್ನೂ ಅಭ್ಯಾಸಬಲದಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದ. ಬೆಟ್ಟದ ದಾರಿ ಹಿಡಿಯುವ ಮುನ್ನ ಕಡಲನ್ನೊಮ್ಮೆ ನೋಡೋಣ ಎನಿಸಿತು.

ದಂಡೆಯಲ್ಲಿ ಬೋರಲು ಹಾಕಿದ ದೋಣಿಯೊಂದರ ತುದಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಹರಿದ ಹಾಯಿಯನ್ನು ತೊಡೆಯ ಮೇಲೆ ಹರವಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದಳು. ಅದು ಅವಳ ಕಸುಬು. ಸೀರೆಯ ಸೆರಗನ್ನು ತಲೆಯ ಮೇಲಿಂದ ಬಿಗಿಯಾಗಿ ಹೊದ್ದಿದ್ದಳು. ಒಂದು ಹೊಲಿಗೆ ಹಾಕಿ ಬೆರಳಿಗೆ ಉಸಿರು ಊದಿಕೊಳ್ಳುತ್ತಿದ್ದಳು.

ನೇಕಾರ ನಿಂತ. ತಡೆಯಲಾರದೆ ಕೇಳಿದ:

“ತಂಗಿ, ನಿನಗೂ ಚಳಿಯೇ?”

ಅವಳು ತಲೆ ಎತ್ತಿ ನೋಡಿದಳು. ಅವನು ನಗುತ್ತಿದ್ದಾನೆಯೇ ಎಂದು ನೋಡಿದಳು. ಅವನು ನಗುತ್ತಿರಲಿಲ್ಲ.

“ಹೌದು ಅಣ್ಣ,” ಎಂದಳು. “ನನ್ನ ಗಂಡ ಹಡಗಿನಲ್ಲಿ ಹೋಗಿದ್ದಾನೆ. ಮಳೆ ನಿಂತಾಗ ಹೋದರೆ ಮತ್ತೆ ಮಳೆ ಬರುವ ಮುಂಚೆ ಬರುತ್ತಾನೆ. ಪ್ರತಿ ವರ್ಷವೂ ಹೀಗೆಯೇ. ಬೆಳಗಿನ ಹೊತ್ತು ಮನೆಯೊಳಗೆ ಇರಲು ಆಗುವುದಿಲ್ಲ. ಸತ್ತುಹೋದವನಾಗಿದ್ದರೆ ಅಳಬಹುದಿತ್ತು, ಜನ ಬಂದು ಕೂರುತ್ತಿದ್ದರು. ಬರುವವನಿಗಾಗಿ ಹೇಗೆ ಅಳಲಿ? ಬರುತ್ತಾನಲ್ಲ ಎನ್ನುತ್ತಾರೆ. ಬರುವ ತನಕ ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ.”

ನೇಕಾರ ಹೊದ್ದಿದ್ದ ಕಂಬಳಿಯನ್ನು ತೆಗೆದು ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ಈ ಊರಿನಲ್ಲಿ ಕಂಬಳಿ ಹೊದ್ದರೆ ಮಕ್ಕಳೂ ನಗುತ್ತಾರೆ ಎಂದಳು. ಅವನು ಮತ್ತೆ ಹೊದ್ದುಕೊಂಡ. ದೋಣಿಯ ಇನ್ನೊಂದು ತುದಿಯಲ್ಲಿ ಕುಳಿತು ತಕಲಿ ತಿರುಗಿಸತೊಡಗಿದ. ಇಬ್ಬರೂ ಬಿಸಿಲು ಬರುವ ತನಕ ಮಾತಿಲ್ಲದೆ ಕೆಲಸ ಮಾಡಿದರು. ಬಿಸಿಲು ಬಂದ ಮೇಲೆ ಅವಳು ಹಾಯಿಯನ್ನು ಮಡಚಿಕೊಂಡು ಮನೆಗೆ ಹೋದಳು. ಅವನೂ ಮನೆಗೆ ಹೋದ. ಬೆಟ್ಟದ ದಾರಿ ಅವನಿಗೆ ಆ ದಿನ ಮರೆತೇಹೋಯಿತು.

ಮರುದಿನವೂ ಅವನು ದಂಡೆಗೆ ಬಂದ. ಅವಳೂ ಬಂದಳು. ಬರುವಾಗ ಬಿಸಿ ಬೂದಿಯಲ್ಲಿ ಸುಟ್ಟ ಗೆಣಸುಗಳನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ತಿನ್ನುವ ಮೊದಲು ಗೆಣಸನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಳ್ಳಬೇಕು ಎಂದು ತೋರಿಸಿಕೊಟ್ಟಳು. ಅವನು ಹಾಗೆಯೇ ಹಿಡಿದುಕೊಂಡ. ಕೈ ಬೆಚ್ಚಗಾಯಿತು.

ಚಳಿ ಕಡಿಮೆಯಾಗಲಿಲ್ಲ. ಅದೇ ಗಾಳಿ, ಅದೇ ಹೊತ್ತು. ಆದರೆ ಚಳಿಯಾಗುತ್ತಿದೆ ಎಂಬುದನ್ನು ಮುಚ್ಚಿಡುವ ಶ್ರಮ ಹೋಯಿತು. ಆ ಶ್ರಮ ಹೋದ ಮೇಲೆ ನೇಕಾರನಿಗೆ ಕಣ್ಣು ತೆರೆದಂತಾಯಿತು. ನದಿ ಕಡಲನ್ನು ಸೇರುವಲ್ಲಿ ಮಂಜು ಏಳುವುದನ್ನು ಅವನು ಕಂಡ. ಬಲೆ ಎಳೆಯುವವರ ಹಾಡಿನ ಲಯಕ್ಕೆ ಹಗ್ಗ ಬಿಗಿಯುವುದನ್ನು ಕಂಡ. ಬಿಸಿಲು ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಆಮೇಲೆ ಎದೆಗೆ ತಾಗುವುದನ್ನು ಕಾದು ಕುಳಿತು ಅನುಭವಿಸಿದ. ಬೆಟ್ಟದಲ್ಲಿ ಅವನು ಚಳಿಗಾಲವನ್ನು ದಾಟಿದ್ದನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಮಗ್ಗದಲ್ಲಿ ನಿಂತಿದ್ದ ಕಂಬಳಿ ಮುಗಿಯಿತು.

ಅವರಿಬ್ಬರೂ ಹೆಚ್ಚು ಮಾತಾಡಿದವರಲ್ಲ. ಅವನು ಒಂದು ದಿನ ತನ್ನ ಹೆಂಡತಿಯ ವಿಷಯ ಹೇಳಿದ. ಅವಳು ಹೊಲಿಯುವುದನ್ನು ನಿಲ್ಲಿಸಿ ಕೇಳಿದಳು. ಹೇಳಿ ಮುಗಿದ ಮೇಲೆ ದಬ್ಬಳ ಎತ್ತಿಕೊಂಡಳು.

ಮಳೆ ಬರುವ ಮುಂಚೆ ಅವಳ ಗಂಡ ಬಂದ. ತೆಂಕಣ ದಿಕ್ಕಿನ ಇನ್ನೊಂದು ಬಂದರಿನಲ್ಲಿ ಅವನಿಗೆ ದಡದ ಮೇಲೆಯೇ ಕೆಲಸ ಸಿಕ್ಕಿತ್ತು. ಇನ್ನು ಹಡಗು ಹತ್ತಬೇಕಾಗಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಹೊರಡುವ ದಿನ ಅವಳು ಗಂಡನೊಂದಿಗೆ ನೇಕಾರನ ಮನೆಯ ಬಾಗಿಲಿಗೆ ಬಂದಳು.

“ಅಣ್ಣ, ಒಂದು ಕಂಬಳಿ ಕೊಡು. ಅಲ್ಲಿಯೂ ನಗುವವರು ಇದ್ದೇ ಇರುತ್ತಾರೆ. ನಗಲಿ.”

ಅವನು ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಕೊಟ್ಟ. ಅವಳು ಅದನ್ನು ಅಲ್ಲಿಯೇ ಹೆಗಲಿಗೆ ಹಾಕಿಕೊಂಡಳು. ಸೆಕೆಯ ದಿನ ಅದು. ಹಾಕಿಕೊಂಡೇ ದೋಣಿ ಹತ್ತಿದಳು.

ಮಳೆಗಾಲ ಬಂತು, ಹೋಯಿತು. ಮತ್ತೆ ಬೆಟ್ಟದ ಕಡೆಯಿಂದ ಗಾಳಿ ಬೀಸಿತು. ನೇಕಾರ ಬೆಳಗ್ಗೆ ಎದ್ದು, ಒಲೆಯಲ್ಲಿ ಗೆಣಸು ಸುಟ್ಟುಕೊಂಡು ದಂಡೆಗೆ ಹೋದ. ದೋಣಿಯ ಮೇಲೆ ತನ್ನ ತುದಿಯಲ್ಲಿಯೇ ಕುಳಿತ. ದಿನವೂ ಹೋದ, ದಿನವೂ ಅಲ್ಲಿಯೇ ಕುಳಿತ. ಬಲೆ ಒಣಗಿಸಲು ಬಂದ ಬೆಸ್ತನೊಬ್ಬ ಒಮ್ಮೆ ಕೇಳಿದ: “ತುದಿಯಲ್ಲಿ ಏಕೆ ಕೂರುತ್ತೀರಿ? ನಡುವೆ ಆರಾಮವಾಗಿ ಕೂರಬಾರದೇ? ದೋಣಿ ಖಾಲಿಯೇ ಇದೆಯಲ್ಲ.” ನೇಕಾರ ಅವನಿಗೆ ಒಂದು ಗೆಣಸು ಕೊಟ್ಟ. ಕುಳಿತಲ್ಲಿಂದ ಸರಿಯಲಿಲ್ಲ.

ಅವನು ಆ ಪಟ್ಟಣದಲ್ಲಿಯೇ ಮುದುಕನಾದ. ಬೆಟ್ಟಕ್ಕೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೆ ಗುರುಗಳೇ, ಅವಳು ಹೊರಟುಹೋದಳು. ಅವನು ಮತ್ತೆ ಒಬ್ಬನೇ ಆದ. ಮೊದಲಿನ ಚಳಿಗಾಲಕ್ಕೂ ಇದಕ್ಕೂ ಏನು ವ್ಯತ್ಯಾಸವಾಯಿತು?”

ಗುರುಗಳು ಹೇಳಿದರು: “ಮೊದಲು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ, ಈಗ ಆ ತಂಗಿಯ ಜಾಗವಿತ್ತು, ತಂಗಿ ಇರಲಿಲ್ಲ.”