ಕೊನೆಯ ಸಾಲಿನ ಸೀಟು

ಹಳೇ ಕಾರುಗಳ ಅಂಗಡಿಯಲ್ಲಿ ಏಳು ಸೀಟಿನ ಗಾಡಿಯೊಂದು ನಿಂತಿತ್ತು. ಕೊಳ್ಳಲು ಬಂದ ರುದ್ರೇಶಪ್ಪ ಚಕ್ರದಡಿ ಇಡುವ ನಿಂಬೆಹಣ್ಣನ್ನು ಆಗಲೇ ಜೇಬಿನಲ್ಲಿ ತಂದಿದ್ದ. ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಎಸಿ ಹಾಕಿಸಿಕೊಂಡು, "ಏಳೂ ಜನ ಆರಾಮಾಗಿ ಹೋಗಬಹುದು. ಕೊನೇ ಸಾಲಲ್ಲಿ ಸೊಸೆ ಹೊಂದಿಕೊಳ್ತಾಳೆ" ಎಂದ.

ಕೊನೆಯ ಸೀಟು ಸಿಡಿಮಿಡಿಗೊಂಡಿತು. "ನನ್ನ ಹತ್ತಿರ ಬಂದು ನೋಡಿದನಾ ಅವನು? ನನ್ನ ಬೆನ್ನಿನ ಕೊಂಡಿ ಮುರಿದಿದೆ, ಇಲ್ಲಿ ಗಾಳಿಯಿಲ್ಲ, ಕಾಲಿಡಲು ಜಾಗವಿಲ್ಲ!"

"ಬಾಯಿ ಮುಚ್ಚು, ವ್ಯಾಪಾರ ಕೆಡಿಸಬೇಡ," ಎಂದಿತು ಮುಂದಿನ ಸೀಟು. "ಕೊಳ್ಳುವವನು ಕೂರುವುದು ನನ್ನ ಮೇಲೆ. ನಾನು ಚೆನ್ನಾಗಿದ್ದರೆ ಗಾಡಿಯೇ ಚೆನ್ನಾಗಿದ್ದಂತೆ."

"ನಾಚಿಕೆಯಾಗಲ್ವಾ ನಿನಗೆ?" ಎಂದು ಕೊನೆಯ ಸೀಟು ಕೂಗಾಡಿತು.

ಅಷ್ಟರಲ್ಲಿ ಸೊಸೆ ಸುಮಂಗಲಾ ಒಳಗೆ ಇಣುಕಿ, "ಮಾವ, ಕೊನೇ ಸಾಲಲ್ಲೂ ಒಂದ್ಸಲ ಕೂತು ನೋಡಿ" ಎಂದಳು.

ರುದ್ರೇಶಪ್ಪ ಬಗ್ಗಿ ತೂರಿಕೊಂಡ. ತಲೆ ಚಾವಣಿಗೆ ಬಡಿಯಿತು, ಮೊಣಕಾಲು ಗದ್ದಕ್ಕೆ ಬಂತು, ಜೇಬಿನ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

"ಥೂ! ಇಲ್ಲಿ ಮನುಷ್ಯರು ಕೂರೋಕಾಗುತ್ತೇನ್ರೀ?" ಎಂದು ಅಂಗಡಿಯವನ ಮೇಲೆ ರೇಗಿದ.

"ಕೇಳಿಸಿತಾ?" ಎಂದಿತು ಕೊನೆಯ ಸೀಟು. "ಹಾಗಾದರೆ ಇಷ್ಟು ಹೊತ್ತು ಇವನು ಸೊಸೆಯನ್ನು ಏನೆಂದುಕೊಂಡಿದ್ದ?"