ಹಲ್ಲಿನಲ್ಲಿ ಕೇಳುತ್ತಿದ್ದ ರಾಜೇಸಾಬ

ಎಷ್ಟೋ ಕಾಲದ ಹಿಂದೆ, ಹತ್ತಿ ಬೆಳೆಯುವ ಕರಿನೆಲದ ಒಂದು ಊರಿನಲ್ಲಿ, ರಾಜೇಸಾಬ ಎಂಬ ವೈಂಡಿಂಗ್ ಮಿಸ್ತ್ರಿ ಇದ್ದನಂತೆ. ಇದ್ದನಂತೆ ಏನು ಬಂತು, ಇದ್ದ. ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಅವನ ಕತೆಯನ್ನು ‘ಅಂತೆ’ ಇಲ್ಲದೆ ಹೇಳಿದರೆ ನಮ್ಮ ಊರವರು ಕೂತು ಕೇಳುವುದಿಲ್ಲ. ಹಾಗಾಗಿ ಊರು ಹೇಳುವಂತೆಯೇ ಹೇಳುತ್ತೇನೆ. ಊರು ಎಲ್ಲಿ ತಪ್ಪಿದೆಯೋ ಅಲ್ಲಿ ನಿಲ್ಲಿಸುತ್ತೇನೆ. ನಡುವೆ ಎದ್ದು ಹೋಗಬೇಡಿ.

ರಾಜೇಸಾಬ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದನಂತೆ. ಹತ್ತಿ ಗಿರಣಿಯ ಸದ್ದಿನಲ್ಲಿ ಪ್ರಾಯ ಕಳೆದು ಅವನ ಎರಡೂ ಕಿವಿ ಹೋಗಿದ್ದವಂತೆ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದನಂತೆ. ಆದರೂ ಮೋಟಾರಿನ ಕಾಯಿಲೆ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಂದು ಕಟ್ಟಿಗೆಯ ತುಂಡನ್ನು ಮೋಟಾರಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದನಂತೆ. ಹಲ್ಲೇ ಅವನ ಕಿವಿ. ಮೂರು ಹರದಾರಿ ದೂರದ ಬಾವಿಯ ಮೋಟಾರು ಕೆಟ್ಟರೆ ಇಲ್ಲಿ ಅವನ ದವಡೆ ನೋಯುತ್ತಿತ್ತಂತೆ. ಅದು ಸುಳ್ಳು. ಕಚ್ಚಿ ಕೇಳುತ್ತಿದ್ದದ್ದು ಮಾತ್ರ ನಿಜ.

ಅವನು ತಂತಿ ಸುತ್ತುವಾಗ ಯಾರೂ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಸುತ್ತಿನ ಎಣಿಕೆ ತಪ್ಪೀತೆಂದು ಸಲಾಮಿಗೆ ಕೈ ಕೂಡ ಎತ್ತುತ್ತಿರಲಿಲ್ಲ. ಬಿಸಿಲಲ್ಲೇ ನಿಲ್ಲುತ್ತಿದ್ದರು. ಊರ ಗೌಡರೂ ನಿಂತಿದ್ದರಂತೆ.

ಅದೇ ಊರಿನಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವವನೊಬ್ಬ, ಗುರುಸಿದ್ದ ಅಂತ ಹೆಸರು. ಕೂದಲು ಬಾಚುವುದರಲ್ಲಿದ್ದ ಶ್ರದ್ಧೆ ಅವನಿಗೆ ಅಭ್ಯಾಸದಲ್ಲಿ ಇರಲಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ, ಆ ಗುರುಸಿದ್ದ ನಾನೇ.

ನನ್ನ ಗಿಟಾರ್ ಅಗ್ಗದ್ದು. ತಂತಿಗಳ ಕೆಳಗೆ ಕೂತು ಅವುಗಳ ನಡುಕ ಹಿಡಿದು ಸ್ಪೀಕರಿಗೆ ಕಳಿಸುವ ಪುಟ್ಟ ಸುರುಳಿ ಇರುತ್ತದಲ್ಲ, ಪಿಕಪ್, ಅದು ಖಾಲಿ ಡಬ್ಬಿ ಬಡಿದಂತೆ ಸದ್ದು ಮಾಡುತ್ತಿತ್ತು. ಸ್ವರವನ್ನು ಓಲಾಡಿಸುವ ಟ್ರೆಮೊಲೊ ಕಡ್ಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಆರೂ ತಂತಿ ಶ್ರುತಿ ತಪ್ಪುತ್ತಿದ್ದವು. ಮೂರು ಊರಿನ ಆರ್ಕೆಸ್ಟ್ರಾಗಳ ಸ್ಪರ್ಧೆ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ರಾಜೇಸಾಬನ ಹೊಸ್ತಿಲಲ್ಲಿ ನಿಂತೆ.

ಗಿಟಾರನ್ನೇ ಕಂಡಿರದ ಮನುಷ್ಯ ಅದರ ಮೈಯಿಂದ ಮುಂದಕ್ಕೆ ಚಾಚಿದ ಕೊಂಬು ಕಚ್ಚಿ, ಒಂದೊಂದೇ ತಂತಿ ಮೀಟಿ, ನಕ್ಕ. ಹಳೆಯ ಸೈಕಲ್ ಡೈನಮೋದ ಅಯಸ್ಕಾಂತ ಒಡೆದು, ಹೊಸ ಪಿಕಪ್ಪಿಗೆಂದು ಅದರ ಚೂರುಗಳ ಸುತ್ತ ಕೂದಲಿಗಿಂತ ಸಣ್ಣ ತಂತಿಯನ್ನು ಎಂಟು ಸಾವಿರ ಸುತ್ತು ಸುತ್ತಿದನಂತೆ. ಹದಿನೆಂಟು ಸಾವಿರ ಅನ್ನುವವರೂ ಇದ್ದಾರೆ. ಟ್ರೆಮೊಲೊಗೆ ಹೊಲಿಗೆ ಮಷಿನ್ನಿನ ಸ್ಪ್ರಿಂಗ್ ಹಾಕಿದ. ಅದರ ಕೆಳಗಿನ ಹಗುರ ಲೋಹದ ಗಟ್ಟಿ ತೆಗೆದು ಹಿತ್ತಾಳೆಯದು ಕೂರಿಸಿದ. ಆ ಹಿತ್ತಾಳೆ ಅವನ ತಾಯಿ ಖೈರುನಬಿ ಎಲೆ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯದು. ಹಲ್ಲಿಲ್ಲದ ಮುದುಕಿ, ಕುಟ್ಟಾಣಿ ಇಲ್ಲದೆ ಎಲೆ ತಿನ್ನುವಂತಿರಲಿಲ್ಲ. ಆದರೂ ಕೊಟ್ಟಳು. ಈಗ ಸ್ವರ ಮೀಟಿದರೆ ಉಸಿರು ಬಿಡುವಷ್ಟು ಹೊತ್ತು ನಿಲ್ಲುತ್ತಿತ್ತು, ಕಡ್ಡಿ ಒತ್ತಿ ಬಿಟ್ಟರೆ ಬಂದ ಜಾಗಕ್ಕೇ ಬರುತ್ತಿತ್ತು.

“ಮಜೂರಿ ಬ್ಯಾಡ ತಮ್ಮಾ,” ಅಂದ ರಾಜೇಸಾಬ. “ಮೈಕಿನ್ಯಾಗ ನನ್ನ ಹೆಸರು ಒಂದ್ಸಲ ಹೇಳಸು. ನನಗಂತೂ ಕೇಳಂಗಿಲ್ಲ. ನಮ್ಮವ್ವ ಕೇಳ್ತಾಳ. ನಾ ಆಕಿ ಮಾರಿ ನೋಡ್ತೇನಿ.”

ನಾನು ಆಣೆ ಮಾಡಿದೆ.

ಮನೆಗೆ ಬಂದ ಮೇಲೆ ಬುದ್ಧಿ ಬೇರೆಯಾಯಿತು. ನಮ್ಮ ಕಡೆ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಅನೌನ್ಸರ್ ಒಬ್ಬೊಬ್ಬರನ್ನೂ ಹೊಗಳಿ, ವಾದ್ಯ ಎಲ್ಲಿಂದ ಬಂತೆಂದು ಹೇಳುವುದು ಪದ್ಧತಿ. ಪಂಪ್‌ಸೆಟ್ ಮಿಸ್ತ್ರಿ ಮಾಡಿದ್ದು ಅಂದರೆ ಬೇರೆ ಊರಿನವರು ನಗುತ್ತಾರಲ್ಲ ಅನ್ನಿಸಿತು. ಕೆಟ್ಟುಹೋದ ಜಪಾನಿ ಪಿಕಪ್ಪಿನ ಹೊಳೆಯುವ ತಗಡಿನ ಮುಚ್ಚಳ ಸಿಟಿಯಿಂದ ತಂದು, ರಾಜೇಸಾಬನ ಸುರುಳಿಯ ಮೇಲೆ ಕೂರಿಸಿದೆ. ಮೇಲೆ ಪರದೇಶದ ಅಕ್ಷರ ಮಿರಮಿರ ಮಿಂಚಿದವು. ನನಗೆ ಸಮಾಧಾನವಾಯಿತು, ಅಷ್ಟು ನಾಚಿಕೆಗೆಟ್ಟವನು ನಾನು.

ಸ್ಪರ್ಧೆ ಹತ್ತಿ ಮಾರುಕಟ್ಟೆಯ ಬಯಲಿನಲ್ಲಿ, ಇಳಿಹೊತ್ತಿಗೆ. ಮುಂದಿನ ಸಾಲಿನಲ್ಲಿ ತಾಯಿ, ಮಗ. ನಮ್ಮ ಅನೌನ್ಸರ್ ಬಾಬಣ್ಣ ಬಗ್ಗಿ, ಗಿಟಾರಿನ ಬಗ್ಗೆ ಏನು ಹೇಳಲಿ ಎಂದು ಕೇಳಿದ. “ಜಪಾನಿಂದ ಬಂದೈತಿ ಅನ್ರಿ,” ಅಂದೆ. ಬಾಬಣ್ಣ ಅದಕ್ಕೆ ಇನ್ನಷ್ಟು ಸೇರಿಸಿ, ವಿಮಾನದಲ್ಲಿ ಬಂತು ಅಂದ. ಚಪ್ಪಾಳೆ ಬಿತ್ತು. ಮೈಕು ಅಡ್ಡವಾಗಿ ಬಾಬಣ್ಣನ ತುಟಿ ಕಾಣದ ರಾಜೇಸಾಬ, ಚಪ್ಪಾಳೆ ನೋಡಿ ತಾಯಿಯ ಕಡೆ ತಿರುಗಿ, ಹೇಳಿದರೇನು ಎಂದು ಗದ್ದ ಎತ್ತಿ ಕೇಳಿದ. ಮುದುಕಿ ಹೌದೆಂದು ತಲೆಯಾಡಿಸಿದಳು. ರಾಜೇಸಾಬನ ಮುಖ ಅರಳಿದ್ದನ್ನು ನಾನು ವೇದಿಕೆಯಿಂದ ನೋಡಿದೆ. ನೋಡಿಯೂ ಬಾರಿಸಲು ಶುರು ಮಾಡಿದೆ.

ಎರಡನೆಯ ಹಾಡಿಗೆ ಗಿಟಾರ್ ಕಿರುಚತೊಡಗಿತು. ಜನ ಕಿವಿ ಮುಚ್ಚಿಕೊಂಡದ್ದು ಕಂಡು ರಾಜೇಸಾಬ ತಾನಾಗಿಯೇ ಮೇಲೆ ಬಂದ. ಕೊಂಬು ಕಚ್ಚಿ, ಕಣ್ಣು ಮುಚ್ಚಿ, ಬೆರಳಿಂದ ಒಂದೊಂದು ಕಡೆ ಒತ್ತುತ್ತಾ ಹೋದ. ತಗಡಿನ ಮುಚ್ಚಳ ಒತ್ತಿದಾಗ ಕಿರುಚಾಟ ನಿಂತಿತು. ಸಡಿಲವಾಗಿದ್ದ ಅದು ಸ್ಪೀಕರಿನ ಸದ್ದಿಗೆ ಅದುರುತ್ತಿತ್ತು. ಕಣ್ಣು ತೆರೆದು ಆ ಅಕ್ಷರಗಳನ್ನು ನೋಡಿದ. ತಾಯಿಯನ್ನು ನೋಡಿದ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನನ್ನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ, ನನ್ನ ಕಣ್ಣು ನೆಲದಲ್ಲಿತ್ತು.

ಇಲ್ಲಿಂದ ಮುಂದೆ ಊರು ಹೇಳುವುದು ಹೀಗೆ. ರಾಜೇಸಾಬ ಮುಚ್ಚಳ ಕಿತ್ತು ಜನರಿಗೆಲ್ಲ ಎತ್ತಿ ತೋರಿಸಿದನಂತೆ. ಗುರುಸಿದ್ದ ಅಲ್ಲೇ ಅವನ ಕಾಲು ಮುಟ್ಟಿ ತಪ್ಪಾಯಿತು ಅಂದನಂತೆ. ಬಾಬಣ್ಣ ಮೂರು ಸಲ ಹೆಸರು ಕೂಗಿದನಂತೆ, ಮುದುಕಿ ಕಣ್ಣೀರು ಸುರಿಸಿದಳಂತೆ.

ನಿಲ್ಲಿಸುತ್ತೇನೆ ಅಂದಿದ್ದೆನಲ್ಲ. ಇಲ್ಲೇ.

ರಾಜೇಸಾಬ ಮುಚ್ಚಳ ಬಿಚ್ಚಿದ. ಕರೆಂಟು ಹೋದರೆ ಇರಲಿ ಎಂದು ಇಟ್ಟಿದ್ದ ಮೇಣದ ಬತ್ತಿ ಹಚ್ಚಿ, ಒಳಗೆ ಮೇಣ ತೊಟ್ಟಿಕ್ಕಿಸಿ, ಅಲುಗಾಡದಂತೆ ಅದೇ ಮುಚ್ಚಳವನ್ನು ತನ್ನ ಕೈಯಿಂದಲೇ ತನ್ನ ಸುರುಳಿಯ ಮೇಲೆ ಒತ್ತಿ ಕೂರಿಸಿದ. ಏನಾಗಿತ್ತು ಎಂದು ಬಾಬಣ್ಣ ಅವನ ಬಾಯಿಗೆ ಮೈಕು ಹಿಡಿದು ಕೇಳಿದ. ರಾಜೇಸಾಬ ಅವನ ತುಟಿ ನೋಡಿ ಅಂದ: “ಏನಿಲ್ರಿ. ಫಾರಿನ್ ಮಾಲ್ ನೋಡ್ರಿ, ನಮ್ಮೂರ ಬಿಸಲು ಇನ್ನಾ ಹಿಡಿಸಿಲ್ಲ ಅದಕ.”

ಜನ ನಕ್ಕು ಚಪ್ಪಾಳೆ ತಟ್ಟಿದರು. ಮಗನ ಹೆಸರಿನ ಬದಲು ಅವನ ತಾಯಿ ಮೈಕಿನಲ್ಲಿ ಕೇಳಿದ್ದು ಅದೊಂದೇ ಮಾತು. ಮೈಕು ನನ್ನಿಂದ ಗೇಣು ದೂರದಲ್ಲಿತ್ತು. ನಾನು ಬಾಯಿ ತೆರೆಯಲಿಲ್ಲ. ಮೊದಲ ಬಹುಮಾನ ಬಂತು, ಹೋಗಿ ಇಸಿದುಕೊಂಡೆ.

ಮುಂದಿನ ಕಾರ್ಯಕ್ರಮದಲ್ಲಿ ಹೇಳಿಸೋಣ, ಅದರ ಮುಂದಿನದರಲ್ಲಿ ಹೇಳಿಸೋಣ ಅನ್ನುತ್ತಲೇ ಇದ್ದೆ. ಮುದುಕಿ ತೀರಿಕೊಂಡಳು. ರಾಜೇಸಾಬ ಎದುರು ಸಿಕ್ಕಾಗಲೆಲ್ಲ ಸ್ಪ್ರಿಂಗ್ ಹೇಗಿದೆ ಎಂದಷ್ಟೇ ಕೇಳುತ್ತಿದ್ದ. ಅವನೂ ಹೋದ. ಆಮೇಲೆ ಯಾರೋ ಆ ಗಿಟಾರ್ ಬಿಚ್ಚಿದಾಗ ಪಿಕಪ್ಪಿನ ಬೆನ್ನಿಗೆ ಮೊಳೆಯಿಂದ ಗೀಚಿದ ರಾಜೇಸಾಬನ ಹೆಸರು ಕಂಡಿತು. ಕತೆಯನ್ನು ಊರೇ ಕಟ್ಟಿಕೊಂಡಿತು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗಲೂ ನಮ್ಮ ಕಡೆ ಗಿಟಾರ್ ಬಾರಿಸುವವರು ಪಿಕಪ್ಪಿಗೆ ಮುಚ್ಚಳ ಹಾಕುವುದಿಲ್ಲ. ಶುರು ಮಾಡುವ ಮುಂಚೆ ಒಮ್ಮೆ ಗಿಟಾರಿನ ಕೊಂಬಿಗೆ ಹಲ್ಲು ತಾಗಿಸುತ್ತಾರೆ. ಅನೌನ್ಸರ್ ಮೊದಲು ರಾಜೇಸಾಬನ ಹೆಸರು ಹೇಳುತ್ತಾನೆ, ಆಮೇಲೆ ಖೈರುನಬಿಯ ಹೆಸರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ರಾಜೇಸಾಬನ ಕಾಲು ಮುಟ್ಟಿದ ಕೈ ಇದು ಎಂದು ಒಬ್ಬೊಬ್ಬರಾಗಿ ಬಂದು ನನ್ನ ಬಲಗೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾನು ಕೈ ಚಾಚುತ್ತೇನೆ.